ಹುಣ್ಣಿವಿ ಲೆಕ್ಕದ ಮಕ್ಕಳು

ಕಾಟಾಕ್ಕೆ ಹಾಕಿದ ಮಗು ಹನ್ನೆರಡು ಕಿಲೋ ತೂಗಿತು ಎಂದುಕೊಳ್ಳಿ. ಎರಡು ವರ್ಷದ ಮಗುವಾದರೆ ತಾಯಿಗೆ ಶಾಬಾಸ್ ಹೇಳಿ ಕಳಿಸಬೇಕು. ನಾಲ್ಕು ವರ್ಷದ್ದಾದರೆ ಮಗು ಸೊರಗಿದೆ, ಅದರ ಊಟದ ವಿಚಾರವನ್ನು ಇವತ್ತೇ ಮಾತಾಡಬೇಕು. ಕಾಟಾ ಎರಡೂ ಸಲ ನಿಜವನ್ನೇ ಹೇಳಿರುತ್ತದೆ, ಆದರೆ ವಯಸ್ಸು ಗೊತ್ತಿಲ್ಲದಿದ್ದರೆ ಆ ನಿಜದಿಂದ ಮಗುವಿಗೇನೂ ಆಗುವುದಿಲ್ಲ. ಮಕ್ಕಳ ಆರೋಗ್ಯದ ಸಂಶೋಧನೆಯಲ್ಲೇ ನನ್ನ ಜೀವಮಾನ ಕಳೆಯಿತು. ಅದರ ಮೊದಲ ಪಾಠ ನನಗೆ ಸಿಕ್ಕಿದ್ದು ನನ್ನೂರು ಮುನವಳ್ಳಿಯ ಸುತ್ತಿನ ಹಳ್ಳಿಗಳಲ್ಲಿ, ಮನೆಮುಂದಿನ ಕಟ್ಟೆಗಳ ಮೇಲೆ.

ಎಪ್ಪತ್ತರ ದಶಕದಲ್ಲಿ "ಮಗೀಗೆ ವಯಸ್ಸೆಷ್ಟವ್ವಾ?" ಎಂದು ಕೇಳಿದರೆ ತಾರೀಖು ಹೇಳುವ ತಾಯಿ ಸಿಗುವುದೇ ಅಪರೂಪ. "ಆಚಿ ವರ್ಷ ಬನದ ಹುಣ್ಣಿವಿಗೆ ಗುಡ್ಡಕ್ಕ ಹೋಗಿದ್ವಿ ನೋಡ್ರಿ ಬಾಯಾರ, ಆವಾಗ ಹೊಟ್ಟ್ಯಾಗಿತ್ತು. ಕಾರ ಹುಣ್ಣಿವಿ ಇನ್ನೂ ಎಂಟ ದಿನ ಇತ್ತು, ಹುಟ್ಟಿತು." ಗುಡ್ಡ ಎಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡ, ನಮ್ಮ ಕಡೆ ಬೇರೆ ಗುಡ್ಡದ ಹೆಸರು ಹೇಳುವ ಅಗತ್ಯವಿಲ್ಲ. ಆ ತಾಯಿಯ ಲೆಕ್ಕ ಖಚಿತವಾಗಿಯೇ ಇತ್ತು. ಅದನ್ನು ತಿಂಗಳಿಗೆ ತಿರುಗಿಸಿಕೊಳ್ಳುವುದಷ್ಟೇ ನಮ್ಮ ಕೆಲಸ. ಅದಕ್ಕೆಂದು ನಾವೊಂದು ಪಟ್ಟಿ ಮಾಡಿಕೊಂಡಿದ್ದೆವು. ಒಂದು ಕಡೆ ಜನವರಿಯಿಂದ ಡಿಸೆಂಬರ್. ಎದುರಿಗೆ ಬನದ ಹುಣ್ಣಿವಿ, ಭಾರತ ಹುಣ್ಣಿವಿ, ಹೋಳಿ, ಯುಗಾದಿ, ಕಾರ ಹುಣ್ಣಿವಿ, ಮಣ್ಣೆತ್ತಿನ ಅಮಾಸಿ, ನಾಗರ ಪಂಚಮಿ, ಸೀಗಿ ಹುಣ್ಣಿವಿ, ದೀಪಾವಳಿ, ಎಳ್ಳ ಅಮಾಸಿ. ಹಬ್ಬ ನೆನಪಾಗದವರಿಗೆ ಮಳೆ ನಕ್ಷತ್ರ, ಜೋಳದ ಸುಗ್ಗಿ, ಹತ್ತಿ ಬಿಡಿಸುವ ಕಾಲ. ವರ್ಷ ಹಿಡಿಯಲು ಎಪ್ಪತ್ತೆರಡರ ಬರ, ನವಿಲುತೀರ್ಥದ ಆಣೆಕಟ್ಟು ತುಂಬಿದ್ದು, ಮುಂದೆ ಇಂದಿರಾ ಗಾಂಧಿ ತೀರಿಕೊಂಡದ್ದು. ಎರಡು ಮೂರು ಪ್ರಶ್ನೆಗಳಲ್ಲಿ ಮಗುವಿನ ವಯಸ್ಸು ಒಂದು ತಿಂಗಳ ಆಚೀಚೆಗೆ ಬಂದು ನಿಲ್ಲುತ್ತಿತ್ತು. ಬರವಣಿಗೆಯಲ್ಲಿ ಜನ್ಮದಿನ ಇಲ್ಲದ ನಾಡುಗಳಲ್ಲೆಲ್ಲ ಪೌಷ್ಟಿಕತೆಯ ಸಮೀಕ್ಷೆ ನಡೆಸುವವರು ಮಾಡುವುದು ಇದನ್ನೇ, ಹಬ್ಬಗಳು ಮಾತ್ರ ಬೇರೆ. ಐವತ್ತರ ದಶಕದಲ್ಲಿ ನೈಜೀರಿಯಾದ ಇಮೇಸಿ ಎಂಬ ಹಳ್ಳಿಯಲ್ಲಿ ಕೆಲಸ ಮಾಡಿದ ಡೇವಿಡ್ ಮೋರ್ಲೆ ಎಂಬ ಮಕ್ಕಳ ವೈದ್ಯರು ತಿಂಗಳು ತಿಂಗಳು ಮಗುವಿನ ತೂಕ ಗುರುತು ಹಾಕುವ ಕಾರ್ಡನ್ನು ರೂಪಿಸಿ ತಾಯಿಯ ಕೈಗೇ ಕೊಟ್ಟರು. ನಮ್ಮ ಅಂಗನವಾಡಿಯ ಬೆಳವಣಿಗೆಯ ಪಟ್ಟಿ ಆ ಕಾರ್ಡಿನ ಸಂತತಿ.

ಮಗು ದೊಡ್ಡದಾಗಿ ಶಾಲೆಗೆ ಹೋಗುವ ಹೊತ್ತಿಗೆ ಹುಣ್ಣಿವಿಯ ಲೆಕ್ಕ ಅಳಿಸಿಹೋಗುತ್ತಿತ್ತು. ಮಾಸ್ತರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷ ಆಯಿತು, ಜನ್ಮತಾರೀಖು ಜೂನ್ 1. ನನ್ನ ತಲೆಮಾರಿನ ಬಹಳ ಜನರಂತೆ ನನ್ನದೂ ಜೂನ್ 1. ಉತ್ತರ ಕರ್ನಾಟಕದ ಹಳೆಯ ಶಾಲೆಗಳ ದಾಖಲಾತಿ ಪುಸ್ತಕ ತೆಗೆದು ನೋಡಿದರೆ ಊರಿನ ಮಕ್ಕಳೆಲ್ಲ ಒಂದೇ ದಿನ ಹುಟ್ಟಿದಂತೆ ಕಾಣುತ್ತದೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದು ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಹಳ್ಳಿಗಳನ್ನು ಮುಟ್ಟಲು ಮತ್ತೆರಡು ಮೂರು ದಶಕಗಳೇ ಬೇಕಾದವು. ಇದು ಬರೀ ಕಾಗದದ ತೊಂದರೆ ಎಂದು ಯಾರೂ ಭಾವಿಸಬಾರದು. ಮುಂದೆ ಹುಡುಗಿಯ ಮದುವೆ ಕಾನೂನಿಗೆ ಸರಿಯೋ ತಪ್ಪೋ ಎಂಬ ಪ್ರಶ್ನೆ ಬಂದಾಗ ತೀರ್ಪು ನಿಂತದ್ದು ಮಾಸ್ತರು ಬರೆದ ಆ ಜೂನ್ ಒಂದರ ಮೇಲೆ.

ಬೊಂಬಾಯಿ ಕರ್ನಾಟಕದ ನಮ್ಮ ಪರಸಗಡ ತಾಲ್ಲೂಕಿನಲ್ಲಿ (ಸವದತ್ತಿ ತಾಲ್ಲೂಕಿನ ಹಳೆಯ ಹೆಸರು ಅದು) ಹೀಗಿದ್ದ ಕಾಲದಲ್ಲೇ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಬೇರೊಂದು ನಡೆದಿತ್ತು. ಮೆಥಡಿಸ್ಟ್ ಮಿಷನ್ನಿನವರು 1906ರಲ್ಲಿ ಕಟ್ಟಿದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಅದು, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿಯ ಹೆರಿಗೆ ವಾರ್ಡಿನಲ್ಲಿ 1934ರಿಂದ ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ದಪ್ಪ ರಿಜಿಸ್ಟರಿನಲ್ಲಿ ಬರೆದಿಡುತ್ತ ಬಂದರು. ಬರೆಯುವಾಗ ಅದು ಸಂಶೋಧನೆಯಾಗಿರಲಿಲ್ಲ, ವಾರ್ಡಿನ ಶಿಸ್ತಾಗಿತ್ತು. ಅರವತ್ತು ವರ್ಷಗಳ ಬಳಿಕ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಎಂಬ ಸಾಂಕ್ರಾಮಿಕಶಾಸ್ತ್ರಜ್ಞರು, ದೊಡ್ಡವರ ಹೃದಯರೋಗದ ಬೇರು ತಾಯಿಯ ಗರ್ಭದಲ್ಲೇ ಇದೆ ಎಂದು ವಾದಿಸುತ್ತಿದ್ದರು. ಅವರ ಜೊತೆಯವರಾದ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ರಿಜಿಸ್ಟರುಗಳನ್ನು ಹಿಡಿದು, ಅದರಲ್ಲಿ ಹೆಸರಿದ್ದ ಕೂಸುಗಳನ್ನು ಹುಡುಕುತ್ತ ಮನೆಮನೆಗೆ ಹೋದರು. ಕೂಸುಗಳು ಆಗ ನಡುವಯಸ್ಸು ದಾಟಿದ್ದವು. 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನು ಪರೀಕ್ಷಿಸಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ರೋಗ. 3.1 ಕಿಲೋ ಅಥವಾ ಹೆಚ್ಚಿದ್ದವರಲ್ಲಿ ಶೇ. 3.

ಈ ಎರಡು ಅಂಕಿಗಳನ್ನು ಅಂದಿನಿಂದ ನಾನು ಪಾಠ ಮಾಡಿದಷ್ಟು ವರ್ಷವೂ ಕಪ್ಪು ಹಲಗೆಯ ಮೇಲೆ ಬರೆದೆ. ಬರೆದ ಮೇಲೆ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳುತ್ತಿದ್ದೆ: ಈ ಪ್ರಬಂಧದ ಮೊದಲ ಲೇಖಕರು ಆ ವಾರ್ಡಿನ ದಾದಿಯರು. ರಾತ್ರಿ ಮೂರು ಗಂಟೆಗೆ ಹುಟ್ಟಿದ ಕೂಸನ್ನೂ ಹಗಲು ಹುಟ್ಟಿದ ಕೂಸಿನಷ್ಟೇ ಜೋಪಾನವಾಗಿ ತೂಗಿದವರು ಅವರು. ಅಂದಾಜಿಗೆ ಏನೋ ಒಂದು ಬರೆದಿದ್ದರೆ ಅರವತ್ತು ವರ್ಷದ ಮೇಲೆ ಯಾವ ಪಂಡಿತನೂ ಅದರಿಂದ ಏನನ್ನೂ ತೆಗೆಯಲಾಗುತ್ತಿರಲಿಲ್ಲ.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನೇ ಸೇರಿಸಿಕೊಂಡು ಹೊಸ ಅಧ್ಯಯನ ಆರಂಭವಾಯಿತು. ಆ ತಾಯಂದಿರಿಗೆ ಹುಟ್ಟಿದ ಮಕ್ಕಳನ್ನು ಡಾ. ಜಿ. ವಿ. ಕೃಷ್ಣವೇಣಿ ಮತ್ತು ಅವರ ತಂಡ ಎಳೆತನದಿಂದ ಹರೆಯದವರೆಗೆ, ಅಲ್ಲಿಂದ ಮುಂದಕ್ಕೂ ಬಿಡದೆ ಹಿಂಬಾಲಿಸಿದೆ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಮೈಕೊಬ್ಬು ಹೆಚ್ಚಿದ್ದದ್ದನ್ನು ತೋರಿಸಿದವರು ಇವರು. ಒಂದು ಊರಿನ ಮಕ್ಕಳ ಜೊತೆ ತಾನೂ ವಯಸ್ಸಾಗುತ್ತ ಹೋಗುವ ಸಂಶೋಧಕಿಯ ಬದುಕು ಹೇಗಿರುತ್ತದೆ ಎಂದು ತಿಳಿಯಬೇಕಾದವರು ಕೃಷ್ಣವೇಣಿಯವರ ಪ್ರಬಂಧಗಳನ್ನು ವರ್ಷದ ಕ್ರಮದಲ್ಲಿ ಇಟ್ಟುಕೊಂಡು ಓದಬೇಕು.

ನಮ್ಮ ಕಡೆಗೆ ಬರುತ್ತೇನೆ. ಅರವತ್ತರ ದಶಕದ ಮುನವಳ್ಳಿಯ ಶಾಲೆಯಲ್ಲಿ ಆರೋಗ್ಯ ಎಂದರೆ ಕೇರ್ ಸಂಸ್ಥೆಯ ಹೆಸರಿನಲ್ಲಿ ಬರುತ್ತಿದ್ದ ಗೋವಿನಜೋಳದ ಹಳದಿ ಉಪ್ಪಿಟ್ಟು, ಹಾಲಿನ ಪುಡಿ, ಆಗೊಮ್ಮೆ ಈಗೊಮ್ಮೆ ಬಂದು ಚುಚ್ಚಿ ಹೋಗುವ ಸಿಡುಬಿನ ಲಸಿಕೆ. ಶಾಲಾ ಮಕ್ಕಳ ಆರೋಗ್ಯಕ್ಕೆಂದೇ ಕೇಂದ್ರ ಸರ್ಕಾರ ರೇಣುಕಾ ರೇ ಅವರ ಅಧ್ಯಕ್ಷತೆಯಲ್ಲಿ 1960ರಲ್ಲಿ ಒಂದು ಸಮಿತಿ ಮಾಡಿತ್ತು. ಮಧ್ಯಾಹ್ನದ ಊಟ, ಶಾಲೆಯಲ್ಲಿ ತಪಾಸಣೆ ಎಂದು ಸಮಿತಿ ಹೇಳಿದ್ದು ಸರಿಯಾಗಿಯೇ ಇತ್ತು. ಅದು ಹಳ್ಳಿಯ ಶಾಲೆಗೆ ನಡೆದುಬರಲು ಎಷ್ಟು ಕಾಲ ಬೇಕಾಯಿತು ನೋಡಿ: ಕರ್ನಾಟಕದ ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ನಮ್ಮ ಕಡೆಗೂ ಬಂತು. ಹಾಲು ಕೊಡುವ ಕ್ಷೀರಭಾಗ್ಯ 2013ರಲ್ಲಿ, ಮೊಟ್ಟೆ ಅದಕ್ಕೂ ತಡವಾಗಿ.

ನಾನು ಹುಬ್ಬಳ್ಳಿಯ ಕೆ.ಎಂ.ಸಿ.ಯಲ್ಲಿ ವೈದ್ಯಕೀಯ ಓದಿದೆ. 1957ರಲ್ಲಿ ಆರಂಭವಾದ ಆ ಕಾಲೇಜು ನಮ್ಮ ಭಾಗದ ಮಕ್ಕಳಿಗೆ ದೊಡ್ಡ ಬಾಗಿಲು ತೆರೆದಿತ್ತು. ಪಿ.ಎಸ್.ಎಂ. ಎಂದು ಕರೆಯುತ್ತಿದ್ದ ಸಾಮಾಜಿಕ ಮತ್ತು ಪ್ರತಿಬಂಧಕ ವೈದ್ಯಶಾಸ್ತ್ರವನ್ನು ಆರಿಸಿಕೊಂಡೆ ಎಂದಾಗ ಮನೆಯಲ್ಲಿ ಎಲ್ಲರೂ ಸುಮ್ಮನಾದರು. ದವಾಖಾನೆ ಹಾಕದ ಡಾಕ್ಟರು ಯಾವ ಡಾಕ್ಟರು ಎಂಬ ಪ್ರಶ್ನೆ ನಮ್ಮಪ್ಪನ ಮುಖದ ಮೇಲಿತ್ತು, ಬಾಯಿಗೆ ಬರಲಿಲ್ಲ. ಜಬಲ್‌ಪುರದಲ್ಲಿ ಅಚ್ಚಾಗುತ್ತಿದ್ದ ಪಾರ್ಕ್ ಪುಸ್ತಕ ನಮ್ಮ ಪಾಲಿನ ಪುರಾಣ. ಇವತ್ತಿಗೂ ಈ ದೇಶದ ವೈದ್ಯ ವಿದ್ಯಾರ್ಥಿ ಅದನ್ನು ಓದದೆ ಪಾಸಾಗುವುದಿಲ್ಲ. 1977ರಲ್ಲಿ ಪ್ರತಿ ವೈದ್ಯಕೀಯ ಕಾಲೇಜೂ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊರಬೇಕೆಂಬ ಯೋಜನೆ ಬಂದಾಗ ನನ್ನಂಥವರಿಗೆ ಹಳ್ಳಿಯ ದಾರಿ ಅಧಿಕೃತವಾಗಿಯೇ ತೆರೆಯಿತು. 1975ರ ಗಾಂಧಿ ಜಯಂತಿಯಂದು ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ತಿ. ನರಸೀಪುರದಲ್ಲಿ. ಅಂಗನವಾಡಿ ನಮ್ಮ ಕಡೆಗೂ ಹಬ್ಬಿದಾಗ ಅದರ ಜೊತೆ ಸಾಲ್ಟರ್ ಕಾಟಾ ಬಂತು.

ಆ ಕಾಟಾ ಹೇಗೆ ಕೆಲಸ ಮಾಡುತ್ತದೆಂದು ಹೇಳಬೇಕು, ಏಕೆಂದರೆ ನಮ್ಮ ಕಸುಬಿನ ಅರ್ಧ ಅದರಲ್ಲೇ ಇದೆ. ಗಡಿಯಾರದಂಥ ದುಂಡು ಮುಖ, ಒಳಗೆ ಸ್ಪ್ರಿಂಗು, ಮೇಲೊಂದು ಕೊಕ್ಕೆ, ಕೆಳಗೊಂದು ಕೊಕ್ಕೆ. ಮೇಲಿನದನ್ನು ಪಡಸಾಲೆಯ ತೊಲೆಗೋ ಬೇವಿನ ಟೊಂಗೆಗೋ ಕಟ್ಟಿ, ಕೆಳಗಿನದಕ್ಕೆ ಚಡ್ಡಿಯಾಕಾರದ ಬಟ್ಟೆಯ ಜೋಳಿಗೆ ತೂಗುಹಾಕಬೇಕು. ಮಗುವನ್ನು ಹಾಕುವ ಮೊದಲು ಬರೀ ಜೋಳಿಗೆ ತೂಗಿ ಮುಳ್ಳನ್ನು ಸೊನ್ನೆಗೆ ತರಬೇಕು. ಬೆಳಿಗ್ಗೆ ತಂದ ಸೊನ್ನೆ ಮಧ್ಯಾಹ್ನಕ್ಕೆ ಸರಿದಿರುತ್ತದೆ, ಆದ್ದರಿಂದ ಮನೆಮನೆಗೂ ಹೊಸದಾಗಿ ತರಬೇಕು. ಮಗು ಅತ್ತು ಕಾಲು ಝಾಡಿಸಿದರೆ ಮುಳ್ಳು ಕುಣಿಯುತ್ತದೆ. ಅದು ನಿಲ್ಲುವವರೆಗೆ ಕಾಯಬೇಕು, ಕಣ್ಣನ್ನು ಮುಳ್ಳಿನ ಎತ್ತರಕ್ಕೇ ತಂದು ಓದಬೇಕು. ನಮ್ಮ ಹೆಣ್ಣುಮಕ್ಕಳು ಕೂಸನ್ನು ತೊಲೆಗೆ ಕಟ್ಟಿದ ಕೊಕ್ಕೆಗೆ ತೂಗುಹಾಕಲು ಮೊದಮೊದಲು ಒಪ್ಪುತ್ತಿರಲಿಲ್ಲ. ದೃಷ್ಟಿಯಾಗುತ್ತದೆ ಎನ್ನುವವರಿದ್ದರು, ತೂಗಿದರೆ ಬೆಳೆಯುವುದಿಲ್ಲ ಎನ್ನುವವರಿದ್ದರು. ಅಂಗನವಾಡಿಯ ಅಕ್ಕಾರು ತಮ್ಮ ಮಗುವನ್ನೇ ಮೊದಲು ತೂಗಿ ತೋರಿಸಿದ ಮೇಲೆ ಉಳಿದವರೂ ಮಕ್ಕಳನ್ನು ಮುಂದೆ ತಂದರು. ತೂಗಲಾಗದ ಕಡೆಗೆ ಶಾಕಿರ್ ಪಟ್ಟಿ ಇತ್ತು: ತೋಳಿನ ನಡುವಿಗೆ ಸುತ್ತುವ ಮೂರು ಬಣ್ಣದ ಪಟ್ಟಿ, ಹಸಿರಿಗೆ ಬಂದರೆ ಚೆನ್ನ, ಕೆಂಪಿಗೆ ಬಂದರೆ ಅಪಾಯ. ಒಂದರಿಂದ ಐದು ವರ್ಷದವರೆಗೆ ತೋಳಿನ ಸುತ್ತಳತೆ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಅದಕ್ಕೆ ವಯಸ್ಸಿನ ಲೆಕ್ಕವೇ ಬೇಡ. ಹುಣ್ಣಿವಿಯ ಪಟ್ಟಿಯಿಲ್ಲದೆ ನಡೆಯುವ ಅಳತೆ ಅದು.

ಇಷ್ಟು ಕಾಲ ನಾವು ಮಕ್ಕಳನ್ನು ಅಳೆದೆವು, ತೂಗಿದೆವು, ಉಣಿಸಿದೆವು, ಚುಚ್ಚಿದೆವು. ಪ್ರಶ್ನೆ ಕೇಳಿದ್ದು ತಾಯಿಯನ್ನು, ಅತ್ತೆಯನ್ನು, ಮಾಸ್ತರನ್ನು. ಮಗುವನ್ನೇ ಯಾರೂ ಕೇಳಲಿಲ್ಲ. ಈ ಶಾಸ್ತ್ರದ ಚರಿತ್ರೆ ಯಾರನ್ನು ಕೇಳುತ್ತೇವೆ ಎಂಬುದರ ಚರಿತ್ರೆ ಎಂದು ನನ್ನ ನಂಬಿಕೆ. ಯಾವ ಸಲಕರಣೆ ಬಂತು, ಯಾವ ಯೋಜನೆ ಬಂತು ಎಂಬುದೆಲ್ಲ ಅದರ ಹಿಂದೆ ಬರುವ ಮಾತು.

ಮಕ್ಕಳನ್ನು ಕೇಳಿದ್ದು ಮೊದಲು ಸಿಡುಬಿನ ಹುಡುಕಾಟದವರು. 1973ರಿಂದ ದೇಶದಲ್ಲಿ ಸಿಡುಬನ್ನು ಬೇರುಸಹಿತ ಕೀಳುವ ಶೋಧ ನಡೆದಾಗ ಆರೋಗ್ಯ ಸಿಬ್ಬಂದಿ ಸಿಡುಬೆದ್ದ ಮಗುವಿನ ಚಿತ್ರದ ಕಾರ್ಡು ಹಿಡಿದು ಸಂತೆಗೆ ಹೋದರು, ಶಾಲೆಗೆ ಹೋದರು. ಅಮ್ಮ ಬಂದಿದ್ದಾಳೆ ಎಂದು ಬಾಗಿಲಿಗೆ ಬೇವು ಕಟ್ಟಿ ದೊಡ್ಡವರು ಮುಚ್ಚಿಟ್ಟದ್ದನ್ನು ಶಾಲೆಯ ಮಕ್ಕಳು ಚಿತ್ರ ನೋಡಿದೊಡನೆ ಹೇಳಿಬಿಡುತ್ತಿದ್ದರು. ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ಊರಿನಲ್ಲಿ ಮಕ್ಕಳಿಗೆ ಗೊತ್ತಿದ್ದಷ್ಟು ಪಂಚಾಯ್ತಿಗೂ ಗೊತ್ತಿರುವುದಿಲ್ಲ. 1975ರಲ್ಲಿ ದೇಶದಿಂದ ಸಿಡುಬು ಹೋಯಿತು. ಎಂಬತ್ತರ ದಶಕದಲ್ಲಿ ಮೆಟ್ಟಿಲುಬಾವಿಗಳ ನೀರಿನಿಂದ ಬರುವ ನಾರುಹುಣ್ಣಿನ ಶೋಧಕ್ಕೂ ಇದೇ ದಾರಿ. ಬಾವಿಯ ಮೆಟ್ಟಿಲಿಳಿದು ಮೊಣಕಾಲು ನೀರಿಗೆ ಹೋಗಿ ಕೊಡ ತುಂಬುವವರ ಜೊತೆ ಹೋಗುವವರು ಮಕ್ಕಳೇ, ಯಾರ ಕಾಲಿನಿಂದ ನಾರು ಹೊರಬಂದಿದೆ ಎಂದು ಕಂಡವರೂ ಅವರೇ. ಭಾರತದ ಕೊನೆಯ ನಾರುಹುಣ್ಣು 1996ರಲ್ಲಿ ರಾಜಸ್ಥಾನದಲ್ಲಿ ಕಂಡದ್ದು. ನಮ್ಮ ಜಿಲ್ಲೆಗಳ ಇಂದಿನ ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ, ಗೊತ್ತಿಲ್ಲದಿರುವುದು ಭಾಗ್ಯ.

ಆದರೆ ಅಲ್ಲಿ ಕೇಳಿದ್ದು ಬೇರೆಯವರ ಸುದ್ದಿ. ನೀನು ಹೇಗಿದ್ದೀ ಎಂದು ಮಗುವನ್ನೇ ಕೇಳುವ ಶಾಸ್ತ್ರ ರೂಪುಗೊಂಡದ್ದು ಯುರೋಪಿನಲ್ಲಿ. 1982ರಲ್ಲಿ ಇಂಗ್ಲೆಂಡ್, ಫಿನ್ಲೆಂಡ್, ನಾರ್ವೆಯ ಸಂಶೋಧಕರು ಕೂಡಿ ಹನ್ನೊಂದು, ಹದಿಮೂರು, ಹದಿನೈದು ವರ್ಷದ ಶಾಲಾ ಮಕ್ಕಳ ಸಮೀಕ್ಷೆಯೊಂದನ್ನು ಆರಂಭಿಸಿದರು. ಮಕ್ಕಳು ತರಗತಿಯಲ್ಲೇ ಕೂತು ಹೆಸರು ಬರೆಯದೆ ತಾವೇ ಉತ್ತರ ತುಂಬುವುದು: ಏನು ತಿಂದೆ, ಎಷ್ಟು ಆಡಿದೆ, ತಂಬಾಕು ಮುಟ್ಟಿದೆಯಾ, ಶಾಲೆ ಇಷ್ಟವಾ, ಯಾರಾದರೂ ಹೊಡೆದರಾ, ರಾತ್ರಿ ನಿದ್ದೆ ಬರುತ್ತದಾ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಆ ಸಮೀಕ್ಷೆ ಇಂದು ಹತ್ತಾರು ದೇಶಗಳಿಗೆ ಹಬ್ಬಿದೆ, ಅದರ ಸುತ್ತ ಎಷ್ಟೋ ಜನರ ಪಾಂಡಿತ್ಯದ ಬದುಕು ಕಟ್ಟಿಕೊಂಡಿದೆ. 1986ರ ನವೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನ ಹೊರಡಿಸಿದ ಸನ್ನದು ಆಸ್ಪತ್ರೆಯ ಗೋಡೆಯಿಂದ ಆರೋಗ್ಯದ ಮಾತನ್ನು ಹೊರತಂದು ಶಾಲೆ, ಮನೆ, ಕೆಲಸದ ಜಾಗಕ್ಕೆ ತಂದಿಟ್ಟಿತು. ಆ ಸನ್ನದಿನ ಪ್ರತಿ ನನ್ನ ಕೈಗೆ ಬಂದಾಗ ಹೊಸದೇನನ್ನೋ ಓದಿದಂತೆ ಅನ್ನಿಸಲಿಲ್ಲ. ಕಟ್ಟೆಯ ಮೇಲೆ ಕೂತು ಹತ್ತು ವರ್ಷ ಕಂಡದ್ದಕ್ಕೆ ಯಾರೋ ಶಾಸನ ಬರೆದಂತಿತ್ತು.

ಕರ್ನಾಟಕದಲ್ಲಿ ಈ ದಾರಿಯನ್ನು ಗಟ್ಟಿಯಾಗಿ ಹಾಕಿದ್ದು ಬೆಂಗಳೂರಿನ ನಿಮ್ಹಾನ್ಸ್. ಮಾಳವಿಕಾ ಕಪೂರ್ ಅವರು ಶಾಲಾ ಮಕ್ಕಳ ಮನಸ್ಸಿನ ಆರೋಗ್ಯವನ್ನು ಶಿಕ್ಷಕರ ಮೂಲಕವೇ ನೋಡಿಕೊಳ್ಳಬೇಕೆಂದು ದಶಕಗಳ ಕಾಲ ದುಡಿದರು. ಅನಂತರ ಶ್ರೀಕಲಾ ಭರತ್ ಮತ್ತು ಕೆ. ವಿ. ಕಿಶೋರ್ ಕುಮಾರ್ ಪ್ರೌಢಶಾಲೆಯ ಮಕ್ಕಳಿಗೆ ಜೀವನ ಕೌಶಲದ ಪಾಠಕ್ರಮ ರೂಪಿಸಿ, ಅದನ್ನು ಶಾಲೆಯ ಶಿಕ್ಷಕರೇ ನಡೆಸುವಂತೆ ತರಬೇತಿ ಕೊಟ್ಟರು. ಅದು ಫಲ ಕೊಟ್ಟಿತೇ ಎಂದು ಪಾಠ ಪಡೆದ 605 ಮಕ್ಕಳನ್ನೂ ಪಡೆಯದ 423 ಮಕ್ಕಳನ್ನೂ ಹೋಲಿಸಿ 2010ರಲ್ಲಿ ಪ್ರಕಟಿಸಿದರು. ಪಾಠ ಪಡೆದ ಮಕ್ಕಳಲ್ಲಿ ತಮ್ಮ ಮೇಲಿನ ಭರವಸೆ ಹೆಚ್ಚಿತ್ತು, ಕಷ್ಟ ಎದುರಿಸುವ ಶಕ್ತಿ ಹೆಚ್ಚಿತ್ತು, ಶಿಕ್ಷಕರ ಜೊತೆ ಶಾಲೆಯಲ್ಲಿ ಹೊಂದಿಕೆ ಚೆನ್ನಾಗಿತ್ತು. ಮನೆಯವರ ಜೊತೆಗಿನ, ಓರಗೆಯವರ ಜೊತೆಗಿನ ಹೊಂದಿಕೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡದೆ ಬರೆದದ್ದಕ್ಕೆ ನಾನು ಆ ಲೇಖಕರಿಗೆ ಋಣಿ. ಶಾಲೆಯ ಗಂಟೆ ಬಾರಿಸಿದ ಮೇಲೆ ಮಗು ಹೋಗಿ ಸೇರುವುದು ಮನೆಯನ್ನು, ಅಲ್ಲಿಗೆ ನಮ್ಮ ಪಾಠ ಇನ್ನೂ ತಲುಪಿಲ್ಲ ಎಂದು ಆ ಫಲಿತಾಂಶ ಹೇಳುತ್ತಿತ್ತು.

ಈ ಹೊತ್ತಿಗೆ ನಮ್ಮ ಬೆಳಗಾವಿ ಜಿಲ್ಲೆಯೇ ಜಗತ್ತಿನ ವೈದ್ಯ ಪತ್ರಿಕೆಗಳಿಗೆ ಗೊತ್ತಾಗಿತ್ತು. 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಮೆರಿಕದ ಸಂಶೋಧಕರ ಜೊತೆಗೂಡಿ ಇಲ್ಲಿಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಒಂದು ಮಾತ್ರೆಯ ಪರೀಕ್ಷೆ ನಡೆಸಿತು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸುವ ನರ್ಸಮ್ಮ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರೆ ಹೆರಿಗೆಯ ನಂತರದ ವಿಪರೀತ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯುತ್ತದೆಂದು 2006ರಲ್ಲಿ ತೋರಿಸಿತು. ಉಸಿರೆಳೆಯದ ಕೂಸನ್ನು ಮೊದಲ ನಿಮಿಷದಲ್ಲೇ ಉಳಿಸುವ ತರಬೇತಿಯನ್ನು ನರ್ಸುಗಳಿಗೆ ಕೊಟ್ಟಾಗ ಸತ್ತು ಹುಟ್ಟುವ ಕೂಸುಗಳ ಪ್ರಮಾಣ ಶೇ. 3ರಿಂದ ಶೇ. 2.3ಕ್ಕೆ ಇಳಿದದ್ದನ್ನು ಡಾ. ಶಿವಪ್ರಸಾದ ಗೌಡರ ಮತ್ತು ಸಂಗಡಿಗರು ವರದಿ ಮಾಡಿದರು. ಇದು ಹುಟ್ಟುವ ಗಳಿಗೆಯ ವಿದ್ಯೆ. ಬದುಕಿ ಉಳಿದ ಆ ಕೂಸು ಹೆಣ್ಣಾಗಿದ್ದು, ಏಳನೇ ತರಗತಿಗೆ ಬಂದು ನಿಂತಾಗ ಏನಾಗುತ್ತದೆ ಎಂಬುದನ್ನು ಕೇಳಬೇಕಾದವರು ಬೇರೆಯವರು.

ಯಲ್ಲಮ್ಮನ ಗುಡ್ಡದ ಬುಡದಲ್ಲಿ ಬೆಳೆದವಳಿಗೆ ಆ ಪ್ರಶ್ನೆ ದೂರದ್ದಲ್ಲ. ಹುಡುಗಿಯರನ್ನು ಯಲ್ಲಮ್ಮನಂಥ ದೇವತೆಗಳಿಗೆ ದೇವದಾಸಿ ಬಿಡುವುದನ್ನು ಬೊಂಬಾಯಿ ಪ್ರಾಂತ 1934ರಲ್ಲೇ ನಿಷೇಧಿಸಿತ್ತು, ಕರ್ನಾಟಕ 1982ರಲ್ಲಿ ಮತ್ತೆ ಕಾನೂನು ಮಾಡಿತು. ಎಚ್.ಐ.ವಿ. ಬಂದಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ದಲಿತ ಕೇರಿಗಳು ತೆತ್ತ ಬೆಲೆ ದೊಡ್ಡದು. ಆ ಕಾಲದಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದವರ ಜೊತೆ ಶುರುವಾದ ಕೆಲಸದಿಂದ 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ಮೊದಲು ಕಾಯಿಲೆಯ ಹಿಂದೆ ಹೋದವರು ಹತ್ತು ವರ್ಷದಲ್ಲಿ ಒಂದು ನಿಜಕ್ಕೆ ಬಂದು ಮುಟ್ಟಿದರು: ಹುಡುಗಿ ಶಾಲೆ ಬಿಟ್ಟ ದಿನವೇ ಅವಳ ಆರೋಗ್ಯದ ದಾರಿ ತಿರುಗಿರುತ್ತದೆ. ಅಲ್ಲಿಂದ ಸಮತಾ ಯೋಜನೆ ಹುಟ್ಟಿತು.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು 2,457 ಮಂದಿ, ಹದಿಮೂರರ ಆಸುಪಾಸಿನವರು, 2014ರಲ್ಲಿ ಸೇರಿಕೊಂಡರು. ಅರ್ಧ ಹಳ್ಳಿಗಳಲ್ಲಿ ಹುಡುಗಿಯರ ಗುಂಪುಗಳು, ತಂದೆತಾಯಿಗಳ ಜೊತೆ ಮಾತುಕತೆ, ಹುಡುಗರ ಜೊತೆ ಕೆಲಸ, ಶಾಲೆಯವರಿಗೆ ತರಬೇತಿ. ಉಳಿದ ಅರ್ಧದಲ್ಲಿ ಏನೂ ಇಲ್ಲ. ಮೂರು ವರ್ಷದ ಮೇಲೆ ಹೋಗಿ ಅದೇ ಹುಡುಗಿಯರನ್ನು ಕೇಳಿದರು, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಸಿಕ್ಕರು. ರವಿ ಪ್ರಕಾಶ್, ತಾರಾ ಬೀಟಿ ಮೊದಲಾದವರು 2019ರಲ್ಲಿ ಪ್ರಕಟಿಸಿದ ಫಲ ಹೀಗಿತ್ತು: ಸುಮಾರು ಕಾಲು ಭಾಗದ ಹುಡುಗಿಯರು ಪ್ರೌಢಶಾಲೆ ಮುಗಿಸಿರಲಿಲ್ಲ, ಹತ್ತರಲ್ಲೊಬ್ಬಳ ಮದುವೆಯಾಗಿತ್ತು. ಕೆಲಸ ನಡೆದ ಹಳ್ಳಿಗಳಲ್ಲೂ, ನಡೆಯದ ಹಳ್ಳಿಗಳಲ್ಲೂ ಒಟ್ಟಾರೆ ಲೆಕ್ಕ ಒಂದೇ.

ಅಷ್ಟು ದುಡಿಮೆ ನೀರಿಗೆ ಹೋಯಿತೇ ಎಂದು ಕಿರಿಯ ಸಹೋದ್ಯೋಗಿಯೊಬ್ಬಳು ಬೇಸರದಿಂದ ಕೇಳಿದ್ದಳು. ನಾನು ಹಾಗೆ ಓದುವುದಿಲ್ಲ. ಎರಡೂ ಕಡೆಯ ಹುಡುಗಿಯರು, ಕೆಲಸ ಶುರುವಾಗುವಾಗ ಅಂದಾಜು ಮಾಡಿದ್ದಕ್ಕಿಂತ ಹೆಚ್ಚು ಕಾಲ ಶಾಲೆಯಲ್ಲಿ ಉಳಿದಿದ್ದರು, ಮದುವೆಗಳು ಅಂದಾಜಿಗಿಂತ ಕಡಿಮೆಯಾಗಿದ್ದವು. ಇಡೀ ನಾಡೇ ಸರಿಯುತ್ತಿತ್ತು. ಬಿಸಿಯೂಟ, ಹಾಸ್ಟೆಲ್ಲು, 2006–07ರಿಂದ ಎಂಟನೇ ತರಗತಿಗೆ ಬಂದ ಸೈಕಲ್ಲು, ಕೈಯಲ್ಲಿ ಮೊಬೈಲು, ಊರಲ್ಲಿ ಓದಿ ನೌಕರಿ ಹಿಡಿದ ಒಬ್ಬ ಹುಡುಗಿ. ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತೆಂದು ಬಿಡಿಸಿ ಹೇಳುವ ಅಳತೆ ನಮ್ಮ ಹತ್ತಿರ ಇಲ್ಲ. ನನ್ನ ಮಟ್ಟಿಗೆ ಸೈಕಲ್ಲಿನ ಪಾಲು ದೊಡ್ಡದು ಎನ್ನುತ್ತೇನೆ. ಗುಂಪುಗೂಡಿ ಸೈಕಲ್ ತುಳಿದು ಬರುವ ಹುಡುಗಿಯರನ್ನು ದಾರಿಯಲ್ಲಿ ಮಾತಾಡಿಸುವ ಧೈರ್ಯ ಪುಂಡರಿಗೂ ಕಡಿಮೆ. ಹೋಲಿಕೆಗೆಂದು ಇಟ್ಟ ಹಳ್ಳಿಗಳು ಇಲ್ಲದಿದ್ದರೆ ನಾಡು ಸರಿದದ್ದನ್ನೆಲ್ಲ ಯೋಜನೆಯ ಸಾಧನೆ ಎಂದು ಬರೆದುಕೊಳ್ಳುತ್ತಿದ್ದರು. ಫಲ ಇಲ್ಲ ಎಂದು ಪ್ರಾಮಾಣಿಕವಾಗಿ ಅಚ್ಚು ಹಾಕಿದ ಪ್ರಬಂಧ ಫಲ ಬಂತೆಂದು ಕೂಗುವ ಹತ್ತು ವರದಿಗಳಿಗಿಂತ ನನಗೆ ಬೆಲೆಯುಳ್ಳದ್ದು.

ಇನ್ನೂ ಬೆಲೆಯುಳ್ಳದ್ದು ಅದೇ ಯೋಜನೆಯ ಜೊತೆ ನಡೆದ ಮಾತುಕತೆಯ ಅಧ್ಯಯನ. ಸತ್ಯನಾರಾಯಣ ರಾಮನಾಯ್ಕ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ್ದು. ಶಾಲೆ ಬಿಟ್ಟ ಹುಡುಗಿಯರನ್ನು, ಬಿಡದ ಹುಡುಗಿಯರನ್ನು, ಅವರ ಮನೆಯವರನ್ನು ಕೂರಿಸಿ ಕೇಳಿದರು. ಬಡತನ ಬಂತು, ಮನೆಗೆಲಸ ಬಂತು. ಅವೆರಡಕ್ಕೂ ಮೇಲೆ ಬಂದದ್ದು ಹುಡುಗಿಯ ಹೆಸರು ಕೆಡುತ್ತದೆ ಎಂಬ ಭಯ. "ದೊಡ್ಡಾಕಿ ಆದ್ಲು, ಇನ್ನ ಸಾಲಿ ಸಾಕು" ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳದವರು ಯಾರು? ದಾರಿಯಲ್ಲಿ ಒಬ್ಬ ಹುಡುಗ ಏನೋ ಅಂದರೆ ಶಿಕ್ಷೆ ಹುಡುಗಿಗೆ, ಮರುದಿನ ಅವಳ ಪಾಟಿಚೀಲ ಗೂಟಕ್ಕೆ. ಆದ್ದರಿಂದ ಅಂದದ್ದನ್ನು ಅವಳು ಮನೆಯಲ್ಲಿ ಹೇಳುವುದೇ ಇಲ್ಲ. ತಾಯಿಯನ್ನು ಕೇಳುತ್ತ ಕೂತಿದ್ದರೆ ಈ ಮಾತು ನೂರು ವರ್ಷ ಕೇಳಿದರೂ ನಮ್ಮ ಪುಸ್ತಕಕ್ಕೆ ಬರುತ್ತಿರಲಿಲ್ಲ, ತಾಯಿಗೇ ಅದು ಗೊತ್ತಿಲ್ಲ.

ಹುಡುಗಿಯನ್ನೇ ಕೇಳುವುದು ಹೇಳಿದಷ್ಟು ಸುಲಭವಲ್ಲ. ನಮ್ಮ ಕಡೆಯ ಮನೆ ಒಂದು ಪಡಸಾಲೆ, ಒಂದು ಅಡಿಗೆಮನೆ. ಬಂದವರನ್ನು ನೋಡಲು ಅಜ್ಜಿ ಬಂದು ಕೂರುತ್ತಾಳೆ, ಪಕ್ಕದ ಮನೆಯವಳು ಸೇರಿಕೊಳ್ಳುತ್ತಾಳೆ, ಹುಡುಗಿಗೆ ಕೇಳಿದ ಪ್ರಶ್ನೆಗೆ ಅವ್ವ ಉತ್ತರ ಕೊಡುತ್ತಾಳೆ. ಅದಕ್ಕೆ ನಾವು ಇಬ್ಬರಿಬ್ಬರು ಹೋಗುತ್ತಿದ್ದೆವು. ಒಬ್ಬಳು ಅಜ್ಜಿಯ ಮೊಣಕಾಲು ನೋವಿನ ಕಥೆ ಕೇಳುತ್ತ ಪಡಸಾಲೆಯಲ್ಲಿ ಕೂರಬೇಕು, ಇನ್ನೊಬ್ಬಳು ಹುಡುಗಿಯ ಜೊತೆ ಹಿತ್ತಲಿಗೋ ಹೊಳೆದಂಡೆಗೋ ನಡೆಯಬೇಕು. ಮೊದಲ ಹತ್ತು ನಿಮಿಷ ಪ್ರಶ್ನೆಪತ್ರಿಕೆ ತೆಗೆಯಬಾರದು. ಹೇಳಿದ್ದನ್ನು ಮನೆಯವರಿಗಾಗಲಿ ಮಾಸ್ತರಿಗಾಗಲಿ ಹೇಳುವುದಿಲ್ಲ ಎಂದು ಮಾತು ಕೊಡಬೇಕು. ಅವಳ ಜೀವಕ್ಕೇ ಅಪಾಯವೆನಿಸುವ ಸಂಗತಿ ಬಂದರೆ ಸುಮ್ಮನಿರಲಾಗದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿಬಿಡಬೇಕು. ಪ್ರಶ್ನೆಯೂ ಪುಸ್ತಕದ ಕನ್ನಡದಲ್ಲಿದ್ದರೆ ಕೆಲಸಕ್ಕೆ ಬಾರದು. ಖಿನ್ನತೆ ಇದೆಯೇ ಎಂದು ಕೇಳಿದರೆ ಹುಡುಗಿ ಮುಖ ನೋಡುತ್ತಾಳೆ. "ಯಾವುದೂ ಬ್ಯಾಡ ಅನಸ್ತೈತೇನು, ಜೀವಕ್ಕ ಸಮಾಧಾನ ಇಲ್ಲೇನು" ಎಂದರೆ ಮಾತಾಡುತ್ತಾಳೆ. ಇಂಥ ಒಂದು ಸಾಲು ಸರಿಹೊಂದಿಸಲು ನಾವು ವಾರಗಟ್ಟಲೆ ಕೂತದ್ದುಂಟು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವ ಪ್ರಕಾರ ಕರ್ನಾಟಕದಲ್ಲಿ ಇಪ್ಪತ್ತರಿಂದ ಇಪ್ಪತ್ನಾಲ್ಕು ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹದಿನೆಂಟಕ್ಕೆ ಮುಂಚೆ ಮದುವೆಯಾದವರು 2015–16ರಲ್ಲಿ ಶೇ. 21.4, 2019–20ರಲ್ಲಿ ಶೇ. 21.3. ನಾಡು ಸರಿಯುತ್ತಿತ್ತು ಎಂದೆನಲ್ಲ, ಅದು ಈ ಗೆರೆಯ ಮೇಲೆ ಬಂದು ನಿಂತಂತಿದೆ. ಇದು ನನ್ನ ನಿದ್ದೆ ಕೆಡಿಸುವ ಅಂಕಿ. ಇವತ್ತಿನ ಹುಡುಗಿಯ ಹತ್ತಿರ ತಾಯಿ ಕಾರ್ಡಿನಿಂದ ಬಂದ ನಿಜವಾದ ಜನ್ಮತಾರೀಖು ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹರೆಯದವರಿಗೆಂದು ಸ್ನೇಹಾ ಕ್ಲಿನಿಕ್ ಇದೆ, ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಇದೆ. ಹೀಗಿದ್ದೂ ಐವರಲ್ಲೊಬ್ಬಳು ಏಕೆ ಉಳಿದಳು ಎಂಬುದಕ್ಕೆ ಉತ್ತರ ಅವಳ ಹತ್ತಿರವೇ ಇದೆ.

ನಿವೃತ್ತಿಯ ಮೇಲೆ ಊರಿಗೆ ಬಂದಿದ್ದೇನೆ. ಹೋದ ವರ್ಷ ಇಲ್ಲಿಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಖಾಲಿ ಚೀಟಿ ಹಂಚಿದೆ. ಉತ್ತರ ಬರೆಯಬೇಡಿ, ನಿಮ್ಮ ವಯಸ್ಸಿನವರನ್ನು ಡಾಕ್ಟರು ಏನು ಕೇಳಬೇಕೋ ಆ ಪ್ರಶ್ನೆ ಬರೆಯಿರಿ, ಹೆಸರು ಬೇಡ ಎಂದೆ. ರಕ್ತಹೀನತೆಯ ಬಗ್ಗೆ ಒಬ್ಬಳೂ ಬರೆದಿರಲಿಲ್ಲ. ಸಂಡಾಸಿನ ಬಾಗಿಲಿಗೆ ಚಿಲಕ ಇದೆಯಾ ಎಂದು ಬರೆದವರಿದ್ದರು, ಅಪ್ಪ ಕುಡಿದು ಬಂದಾಗ ನೀನು ಎಲ್ಲಿ ಕೂತು ಓದುತ್ತೀ ಎಂದು ಬರೆದವರಿದ್ದರು, ಅಕ್ಕನಿಗೆ ಗಂಡು ನೋಡುವಾಗ ನಿನ್ನನ್ನೂ ತೋರಿಸಿದರಾ ಎಂದು ಒಬ್ಬಳು ಬರೆದಿದ್ದಳು. ಅತಿ ಹೆಚ್ಚು ಚೀಟಿಗಳಲ್ಲಿ ಇದ್ದದ್ದು ಸಂಜೆಯ ಬಸ್ಸಿನ ಪ್ರಶ್ನೆ. ಈ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟುಕೊಂಡು ಹೊಸ ಪ್ರಶ್ನೆಪತ್ರಿಕೆ ಮಾಡುತ್ತಿದ್ದೇನೆ. ಜಿಲ್ಲೆಯ ಸಮುದಾಯ ವೈದ್ಯಶಾಸ್ತ್ರದ ಕಿರಿಯರು ಯಾರಾದರೂ ಕೈ ಹಾಕುವುದಾದರೆ ಕಡತ ನನ್ನ ಮನೆಯಲ್ಲಿದೆ, ಬಂದು ಒಯ್ಯಬಹುದು.